ಒಲೆ ಹಚ್ಚಿದೀನಿ

ಜ್ವರ ಇಳಿದಿದೆಯೋ ಇಲ್ಲವೋ ನೋಡಲು ಅವನು ಅಂಗೈಯನ್ನು ಹಣೆಯ ಮೇಲಿಟ್ಟುಕೊಂಡ. ಹಣೆಯೂ ಅದೇ ಮೈಯದು, ಅಂಗೈಯೂ ಅದೇ ಮೈಯದು. ಯಾವುದು ಯಾವುದರ ಬಗ್ಗೆ ಸಾಕ್ಷಿ ಹೇಳಬೇಕು? ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಖಾಲಿ ಡಬ್ಬಗಳ ನಡುವೆ ಹಾಕಿದ್ದ ಮಂಚದ ಮೇಲೆ ಅಲುಗಾಡದೆ ಮಲಗಿ ಮೇಲಿನ ಮನೆಯ ಸದ್ದಿಗೆ ಕಿವಿಗೊಟ್ಟ. ನಲ್ಲಿ ಬಿಟ್ಟ ಸದ್ದು. ನಿಲ್ಲಿಸಿದ ಸದ್ದು. ಪಾತ್ರೆಯೊಂದನ್ನು ಮೆಲ್ಲಗೆ ಕೆಳಗಿಟ್ಟ ಸದ್ದು. ದಿನಾ ಇಷ್ಟು ಹೊತ್ತಿಗೆ ಹಿತ್ತಲ ಕಡೆಯ ಬಾಲ್ಕನಿಯಿಂದ ಅಣ್ಣನ ದನಿ ಬರಬೇಕಿತ್ತು: "ಮೊದ್ದೂ, ಒಲೆ ನೋಡೋ!" ಅಣ್ಣ ಸತ್ತು ವರ್ಷ ಕಳೆದಿತ್ತು. ದನಿ ಗಿಣಿಯದು. ಆದರೆ ಅದನ್ನು ಗಿಣಿಯ ದನಿ ಎಂದು ಅವನು ಯಾವತ್ತೂ ಅಂದುಕೊಂಡಿರಲಿಲ್ಲ. ಕಫ ಕಟ್ಟಿದ ಗಂಟಲಿನ ಗೊರಗೊರ, 'ಮೊದ್ದು' ಎನ್ನುವಾಗ ನಾಲಗೆ ಹಲ್ಲಿಗೆ ಒತ್ತಿ ಕೊಂಚ ಖುಷಿಪಡುವ ರೀತಿ, ಕೊನೆಯಲ್ಲಿ ಉತ್ತರಕ್ಕೆ ಕಾಯುವಷ್ಟು ಮೌನ, ಎಲ್ಲವೂ ಅಣ್ಣನದೇ. ಇವತ್ತು ದನಿ ಬರಲಿಲ್ಲ. ಬರುವುದಿಲ್ಲವೆಂದು ನಿನ್ನೆ ಸಂಜೆಯೇ, ಮೈ ನಡುಗಲು ಶುರುವಾದಾಗಲೇ, ಅವನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಮೇಲೆ ಹೋಗಿ ನೋಡಿರಲಿಲ್ಲ. ಜ್ವರ ಬಂದಿದೆಯಲ್ಲ ಎಂದು ಕಂಬಳಿ ಎಳೆದುಕೊಂಡಿದ್ದ.

ಈ ಜ್ವರ ಅವನಿಗೆ ಹೊಸದಲ್ಲ. ಬಿಳಿ ಕೊಡುವ ಜ್ವರ. ಊರವರು ಬಾಣಲೆಯ ನೆನಪಿನಲ್ಲಿ ಟೆಫ್ಲಾನ್ ಎನ್ನುವುದನ್ನು ಈ ಕಾರ್ಖಾನೆಯಲ್ಲಿ ಮೊದಲಿಂದಲೂ ಬಿಳಿ ಎಂದೇ ಕರೆಯುವುದು. ಪುಡಿಯಾಗಿ ಬರುತ್ತದೆ; ಅಚ್ಚಿನಲ್ಲಿ ಹಾಕಿ ಒತ್ತಿದರೆ ಸೀಮೆಸುಣ್ಣದಂಥ ಹಸಿ ಗಟ್ಟಿಯಾಗುತ್ತದೆ, ಬೆರಳಲ್ಲಿ ಮುರಿಯಬಹುದು. ಒಲೆಯಲ್ಲಿಟ್ಟು ಬೇಯಿಸಿದಾಗಲೇ ಅದಕ್ಕೆ ಮೈ ಬರುವುದು. ಬೆಂದದ್ದನ್ನು ಲೇತಿಗೆ ಕಟ್ಟಿ ಕಡೆದು ಪಂಪಿಗೆ, ಕವಾಟಗಳಿಗೆ ಬಳೆಗಳನ್ನು ಮಾಡುತ್ತಾರೆ. ಆ ಬಳೆಯೊಳಗೆ ತಿರುಗುವ ಉಕ್ಕಿನ ಕಂಬಿಗೆ ಎಣ್ಣೆ ಬೇಡ. ಆಮ್ಲ ಅದನ್ನು ತಿನ್ನುವುದಿಲ್ಲ, ಬಣ್ಣ ಹತ್ತುವುದಿಲ್ಲ, ಗೋಂದು ನಿಲ್ಲುವುದಿಲ್ಲ. ಹಿಂದೊಮ್ಮೆ ಅಣ್ಣ ಗೋಡೆಯ ಮೇಲಿದ್ದ ಹಲ್ಲಿಯನ್ನು ಪೊರಕೆಯಿಂದ ಬಿಳಿಯ ಹಲಗೆಯೊಂದರ ಮೇಲೆ ಬೀಳಿಸಿ, ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದ್ದ. ಗಾಜಿನ ಮೇಲೂ ಸಲೀಸಾಗಿ ಓಡಾಡುವ ಪ್ರಾಣಿ, ಕಾಲು ಬಡಿದುಕೊಳ್ಳುತ್ತ ಜಾರಿ ನೆಲಕ್ಕೆ ಬಿತ್ತು. "ನೋಡ್ದೇನೋ? ಹಲ್ಲೀನೇ ಸೋತ್ಮೇಲೆ ನಿನ್ನ ಗೋಂದೆಲ್ಲಿಗೆ ಬಂತು," ಎಂದು ಅಣ್ಣ ನಕ್ಕಿದ್ದ. ಬಿದ್ದ ಹಲ್ಲಿ ಅವಮಾನವಾದಂತೆ ಒಂದು ಕ್ಷಣ ಅಲ್ಲೇ ಇದ್ದು ಆಮೇಲೆ ಓಡಿದ್ದು ಅವನಿಗೆ ನೆನಪಿದೆ. ಇಷ್ಟು ಸಾಧುವಾದ ಬಿಳಿಗೆ ಸಿಟ್ಟು ಬರುವುದು ಒಂದಕ್ಕೇ, ಅಳತೆ ಮೀರಿ ಕಾಯಿಸಿದರೆ. ಆಗ ಅದು ಬಿಡುವ ಹೊಗೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಉಸಿರಾಡಿದ ಮನುಷ್ಯನಿಗೆ ಸಂಜೆ ಹೊತ್ತಿಗೆ ಚಳಿ, ಎದೆಬಿಗಿತ, ಕೆಮ್ಮು. ಮರುದಿನ ಏನೂ ಆಗಲೇ ಇಲ್ಲವೆಂಬಂತೆ ಎಲ್ಲ ಇಳಿದುಹೋಗುತ್ತದೆ. ಹಕ್ಕಿಗಳ ಸಂಗತಿ ಬೇರೆ. "ಮನುಷ್ಯನಿಗೆ ಬುದ್ಧಿ ಹೇಳಿ ಬಿಟ್ಬಿಡತ್ತೆ. ಹಕ್ಕಿಗೆ ಹೇಳೋಷ್ಟೂ ಪುರುಸೊತ್ತು ಕೊಡಲ್ಲ," ಎಂದು ಅಣ್ಣ ಹೇಳಿದ್ದು ಗಿಣಿಯನ್ನು ತಂದ ದಿನವೇ. ಅತ್ತಿಗೆ ಹಟ ಹಿಡಿದು ತರಿಸಿಕೊಂಡಿದ್ದಳು. ಮಕ್ಕಳಿಲ್ಲದ ಮನೆ, ಮಾತಾಡುವ ಒಂದು ಬಾಯಿ ಇರಲಿ ಎಂದು.

ಆವತ್ತಿನಿಂದ ಒಂದು ಪದ್ಧತಿ. ಒಲೆಯ ಹೊಗೆಕೊಳವೆ ಹಿತ್ತಲ ಗೋಡೆಗೆ ಆತುಕೊಂಡು ಬಾಲ್ಕನಿಯ ಪಕ್ಕದಲ್ಲೇ ಮೇಲೆ ಹೋಗುತ್ತಿತ್ತು. ಅದರ ಕೀಲುಗಳ ಮೇಲೆ ನಂಬಿಕೆ ಇಡುವಂತಿರಲಿಲ್ಲ. ಅದಕ್ಕೇ ಒಲೆಯ ಸ್ವಿಚ್ಚು ಹಾಕಿದ ಕೂಡಲೇ ಅಣ್ಣ ಮೆಟ್ಟಿಲ ಬುಡಕ್ಕೆ ಬಂದು ಕೂಗುತ್ತಿದ್ದ: "ಒಲೆ ಹಚ್ಚಿದೀನಿ ಕಣೇ!" ಮೇಲಿಂದ ಅತ್ತಿಗೆ, "ಆಯ್ತು ರೀ," ಎಂದು ಪಂಜರವನ್ನು ಕೊಂಡಿಯಿಂದ ಇಳಿಸಿ, ರಸ್ತೆ ಕಡೆಯ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಕೇಳಿ ಕೇಳಿ ಗಿಣಿ ಅದನ್ನೂ ಕಲಿತುಬಿಟ್ಟಿತು. ಹೊತ್ತಿಲ್ಲ ಗೊತ್ತಿಲ್ಲ, ಒಲೆ ತಣ್ಣಗಿದ್ದಾಗಲೂ, "ಒಲೆ ಹಚ್ಚಿದೀನಿ ಕಣೇ!" ಮೊದಮೊದಲು ಅತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದಳಂತೆ. ಅಣ್ಣ ಕೆಳಗಿಂದ, "ನನ್ನ ಮಾತು ಬಿಟ್ಟು ಅದರ ಮಾತಿಗೇ ಓಡ್ತೀಯಲ್ಲೇ," ಎಂದು ರೇಗಿಸುತ್ತಿದ್ದ. ಆಮೇಲೆ ಅವಳ ಕಿವಿ ಪಳಗಿತು. ಯಾವುದು ಗಂಡ, ಯಾವುದು ಗಿಣಿ ಎಂದು ಅಡುಗೆಮನೆಯಲ್ಲಿ ಕೂತೇ ಹೇಳುತ್ತಿದ್ದಳು. ಅಣ್ಣನ ಗಂಟಲಿಗೆ ರೋಗ ಬಂದು ದನಿಯೇ ಹೋದ ಮೇಲೆ ಒಲೆ ಹಚ್ಚಿ ಕೂಗುವ ಕೆಲಸ ತಮ್ಮನ ಪಾಲಿಗೆ ಬಂತು; ಆ ಗುರುತಿನ ಅಗತ್ಯವೂ ಉಳಿಯಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅಣ್ಣ ಕಿಟಕಿಯ ಪಕ್ಕ ಮಲಗಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ಆಚೆ ಪಂಜರದಲ್ಲಿ ಅವನ ದನಿ ಗಟ್ಟಿಮುಟ್ಟಾಗಿ, ಒಂದಿಷ್ಟೂ ಸವೆಯದೆ, ತಮ್ಮನನ್ನು ಬೈಯುತ್ತಿತ್ತು. ಕೇಳಿದಾಗಲೆಲ್ಲ ಅಣ್ಣನ ತುಟಿ ಅದರ ಜೊತೆಗೆ ಅಲುಗುತ್ತಿತ್ತು. ಒಮ್ಮೆ, ಅತ್ತಿಗೆ ಇಲ್ಲದಾಗ, ಅಣ್ಣ ಅವನ ಕಡೆ ತಿರುಗಿ ನಕ್ಕದ್ದನ್ನು ಅವನು ಮರೆಯಲಾರ. ನಾನು ಹೋದರೂ ನಿನಗೆ ಬಿಡುಗಡೆ ಇಲ್ಲ ಮಗನೇ ಎಂಬ ನಗು. ಅಥವಾ ಅದು ಬರೀ ನೋವಿಗೆ ಸೊಟ್ಟಗಾದ ಬಾಯಿ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿ ಅವನು ಎದ್ದು ಕೂತ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದವಳಂತೆ ಮೈಯಿಂದ ದೂರ, ಮಡಚಿದ ಒಂದು ಟವೆಲ್ಲು. ಅಣ್ಣ ಗಡ್ಡ ಹೆರೆಯುವಾಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದುದು.

"ಗಿಣಿ ಹೋಯ್ತು," ಎಂದಳು.

"ಅಯ್ಯೋ! ಯಾವಾಗ?" ತನ್ನ ಅಯ್ಯೋ ಸ್ವಲ್ಪ ಬೇಗ ಬಂತೆಂದು ಅವನಿಗೇ ಅನ್ನಿಸಿತು.

"ನಿನ್ನೇನೇ. ನಾನು ಸಂಜೆ ದೀಪ ಹಾಕಿದಾಗ್ಲೇ ನೋಡ್ದೆ. ಕೆಳಗೆ ಬಿದ್ದಿತ್ತು. ನಿಂಗೆ ಹೇಳೋಣ ಅಂತ ಬಂದೆ, ನೀನು ಮುಸುಕು ಹಾಕ್ಕೊಂಡು ಮಲಗಿದ್ದೆ. ಹಲ್ಲು ಕಟಕಟ ಅಂತಿತ್ತು. ಎಬ್ಬಿಸಲಿಲ್ಲ." ಅವಳು ಒಳಗೆ ಬಂದು, ಟವೆಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ನಿಂತಳು. "ಬಿಳಿ ಜ್ವರಾನಾ?"

"ಇಲ್ಲ, ಬರೀ... ಶೀತ ಇರ್ಬೇಕು."

ಅವಳು ಅವನನ್ನು ನೋಡಿದಳು. ಈ ಮನೆಗೆ ಬಂದ ಮೊದಲ ವರ್ಷದಿಂದ ಎಷ್ಟು ಬಿಳಿ ಜ್ವರಗಳಿಗೆ ಅವಳು ಕಂಬಳಿ ಹೊದಿಸಿಲ್ಲ, ಬಿಸಿನೀರು ಕೊಟ್ಟಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡೆನಲ್ಲ ಎಂದು ಅವನ ಕಿವಿ ಬಿಸಿಯಾಯಿತು. ಈಗ ಕೇಳುತ್ತಾಳೆ, ಯಾಕೋ ಕೂಗಲಿಲ್ಲ ಎಂದು ಕೇಳುತ್ತಾಳೆ. ಕೇಳಲಿ, ಮರೆತುಹೋಯಿತು ಎಂದುಬಿಡುತ್ತೇನೆ, ಎರಡು ದಿನ ಅಳುತ್ತಾಳೆ, ಮುಗಿಯುತ್ತದೆ. ಅವನು ಆ ಮಾತನ್ನು ಬಾಯಿಯೊಳಗೆ ಹಸಿ ಗಟ್ಟಿಯಂತೆ ಹುಷಾರಾಗಿ ಎತ್ತಿಟ್ಟುಕೊಂಡ.

"ತಪ್ಪು ನಂದೇ," ಎಂದಳು ಅತ್ತಿಗೆ. "ನೀನು ಕೂಗಿದ್ದು ನಂಗೆ ಕೇಳಿಸ್ತು. ಒಲೆ ಹಚ್ಚಿದೀನಿ ಅಂತ. ನಾನು ಬಟ್ಟೆ ಮಡಚ್ತಾ ಇದ್ದೆ. ಗಿಣಿ ಅಂದ್ಕೊಂಡೆ. ಅದು ದಿನಾ ಬಡ್ಕೊಳ್ಳೋದು ಇದ್ದಿದ್ದೇ ಅಂತ ಎದ್ದೇ ಬರಲಿಲ್ಲ." ಅವಳು ನಿಲ್ಲಿಸಿ, ಟವೆಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಒಳಕ್ಕೆ ಸೇರಿಸಿದಳು. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿರಲಿಲ್ಲ ನನ್ನ ಕಿವಿ. ನಿನ್ನ ದನಿ ಯಾವಾಗ ಅವರ ಹಾಗೇ ಆಯ್ತೋ, ನಂಗೆ ಗೊತ್ತೇ ಆಗಲಿಲ್ಲ ನೋಡು. ನೀನು ಕೂಗಿದ್ಯಲ್ಲ?"

ಅವನು "ಹೂಂ" ಅಂದ.

ಅದು ಮಾತೂ ಅಲ್ಲ. ಮೂಗಿನಿಂದ ಬಂದ ಒಂದು ಸದ್ದು. ಅದನ್ನು ಕೇಳಿ ಅವಳು ತಲೆಯಾಡಿಸಿದಳು, ಯಾರೋ ಕೊಟ್ಟ ಲೆಕ್ಕ ಸರಿಯಾಗಿದೆ ಎಂಬಂತೆ. "ಮುಖ ತೊಳ್ಕೋ. ಹಿತ್ತಲಲ್ಲಿ ಒಂದು ಗುಂಡಿ ತೆಗೀಬೇಕು, ಆಗತ್ತಾ?" ಎಂದು ಕೇಳಿ ಹೊರಟಳು.

ಅವನು ಮುಖ ತೊಳೆಯುತ್ತ ಕನ್ನಡಿ ನೋಡಲಿಲ್ಲ. ಕೂಗು ಬಿದ್ದದ್ದಂತೂ ನಿಜ. ತಾನೂ ಕೇಳಿಸಿಕೊಂಡಿದ್ದ. ನಿನ್ನೆ ಮಧ್ಯಾಹ್ನ ಪಂಪಿನವನು, ಇವರಿಂದ ಬಳೆ ಕೊಂಡು ಪಂಪು ಕಟ್ಟುವ ಗಿರಾಕಿ, ಬಂದು ಕುರ್ಚಿ ಎಳೆದುಕೊಂಡು ಕೂತಿದ್ದ. ಹಸಿ ಗಟ್ಟಿಗಳನ್ನು ಒಲೆಯಲ್ಲಿ ಜೋಡಿಸುತ್ತಿದ್ದಾಗ ಮೇಲಿಂದ, "ಮೊದ್ದೂ, ಒಲೆ ನೋಡೋ!" ಪಂಪಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಯಜಮಾನ್ರು ಮೇಲಕ್ಕೆ ಹೋದ್ರೂ ಕೆಲಸ ಬಿಟ್ಟಿಲ್ಲ ನೋಡಿ. ಸರ್ಯಾಗಿ ನೋಡ್ರಿ ಒಲೇನ, ಇಲ್ದಿದ್ರೆ ಇಳಿದು ಬಂದ್ಬಿಟ್ಟಾರು!" ಅವನೂ ನಕ್ಕ. ನಗದೇ ಇದ್ದರೆ ಆ ಹೆಸರು ಚುಚ್ಚುತ್ತದೆಂದು ಗೊತ್ತಾಗಿಬಿಡುತ್ತದೆ. ಮತ್ತೆ, "ಮೊದ್ದೂ!" ಮತ್ತೆ ಪಂಪಿನವನ ನಗು. ನಲವತ್ತು ದಾಟಿದ ಗಂಡಸು, ಲೇತು, ಅಚ್ಚು, ಒಲೆ ಎಲ್ಲದರ ಒಡೆಯ, ಒಂದು ಹಕ್ಕಿಯ ಬಾಯಲ್ಲಿ ಇನ್ನೂ ಪೊರಕೆ ಹಿಡಿದ ತಮ್ಮ. ಪಂಪಿನವನನ್ನು ಸಾಗಹಾಕಿ ಬಂದು ಸ್ವಿಚ್ಚು ಒತ್ತಿದ. ಟಕ್ ಎಂದಿತು. ಒಲೆಯ ಉಷ್ಣ ತೋರಿಸುವ ಮುಳ್ಳು ಹಳೆಯದು, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಕಾವು ಏರಿಸುವ ಹಿಡಿಯನ್ನು ಬೇಕಾದ್ದಕ್ಕಿಂತ ಒಂದು ಗೆರೆ ಹಿಂದೆ ನಿಲ್ಲಿಸಬೇಕು. ನಿನ್ನೆ ಹಿಂದೆ ನಿಲ್ಲಿಸಿರಲಿಲ್ಲ. ಅದು ಮರೆವು, ಸತ್ಯವಾಗಿ ಮರೆವು. ಆದರೆ ಮೆಟ್ಟಿಲ ಬುಡ? ಅಲ್ಲಿಗೆ ಹೋಗಿದ್ದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಬಾಯಿ ತೆರೆದಿದ್ದ. ಸ್ವಿಚ್ಚಿನ ಟಕ್ ಕೇಳಿಸಿಕೊಂಡ ಗಿಣಿ ಅಷ್ಟರಲ್ಲಿ ಮೇಲಿಂದ ತಾನೇ ಕೂಗಿತು: "ಒಲೆ ಹಚ್ಚಿದೀನಿ ಕಣೇ!" ಅವನ ಬಾಯಿ ತೆರೆದೇ ಇತ್ತು. ಸರಿ, ಹೇಳಿ ಆಯಿತಲ್ಲ, ಎಲ್ಲ ನಿನಗೇ ಗೊತ್ತಲ್ಲ, ಎಲ್ಲ ಕೆಲಸ ನಿನ್ನದೇ ಅಲ್ಲವಾ ಅಣ್ಣಾ ಎಂದುಕೊಂಡು ಅವನು ಬಾಯಿ ಮುಚ್ಚಿದ. ಕಾಲನ್ನು ಮೆಟ್ಟಿಲಿಂದ ಕೆಳಗಿಟ್ಟ. ಅವನಿಗೆ ನೆನಪಿರುವುದು ಇಷ್ಟೇ. ಆ ಕಾಲು ಹಗುರವಾಗಿತ್ತು ಎಂಬುದೂ ನೆನಪಿದೆ. ಹಾಗಾದರೆ ತಾನು ಹೇಳಿದ ಹೂಂ ಪೂರ್ತಿ ಸುಳ್ಳೇ? ಕೂಗು ಬಿತ್ತು, ಅವಳು ಕೇಳಿಸಿಕೊಂಡಳು, ಎದ್ದು ಬರಲಿಲ್ಲ. ಯಾರ ಬಾಯಿಂದ ಬಿತ್ತು ಎಂಬುದೊಂದೇ ವ್ಯತ್ಯಾಸ. ಒದ್ದೆ ಮುಖದಿಂದ ನೀರು ಕತ್ತಿನೊಳಗೆ ಇಳಿಯಿತು. ತನ್ನ ಸಾವನ್ನು ತಾನೇ ಕೂಗಿ ಹೇಳಿದ ಆ ಹಕ್ಕಿಗೆ, ಹೇಳುತ್ತಿರುವುದೇನೆಂದು ಗೊತ್ತಿರಲಿಲ್ಲ. ಕೇಳಿಸಿಕೊಂಡ ಇಬ್ಬರಿಗೂ ಗೊತ್ತಿತ್ತು.

ಹಿತ್ತಲ ಮಣ್ಣಿಗೆ ಗುದ್ದಲಿ ಹಾಕಿದರೆ ಮಣ್ಣಿನ ಜೊತೆ ಬಿಳಿ ಬಂತು. ಲೇತಿನಿಂದ ಉದ್ದುದ್ದ ರಿಬ್ಬನ್ನಿನಂತೆ ಸುರುಳಿಯಾಗಿ ಬೀಳುವ ಸಿಬಿರನ್ನು ಅಣ್ಣ ಮೊದಲ ವರ್ಷಗಳಲ್ಲಿ ಇಲ್ಲೇ ಹೂಳುತ್ತಿದ್ದ. ಒಂದೂ ಕೊಳೆತಿರಲಿಲ್ಲ. ಮಣ್ಣು ಕೊಡವಿದರೆ ಇವತ್ತು ಬೆಳಿಗ್ಗೆ ಕಡೆದಂತೆ ಬೆಳ್ಳಗೆ. ಅವನು ಅಗೆದಷ್ಟೂ ಸುರುಳಿಗಳು ಎದ್ದು ಬಂದವು, ಕೆಲವು ತುಂಬಾ ಅಗಲ. ಅವು ತಾನು ಕಲಿಯುತ್ತಿದ್ದಾಗ ಉಳಿಯನ್ನು ಅತಿಯಾಗಿ ಒತ್ತಿ ಹಾಳುಮಾಡಿದವು ಎಂದು ಗುರುತು ಸಿಕ್ಕಿತು. ತಪ್ಪು ಮಾಡಿದ್ದು ಯಾವಾಗಲೋ, ಬೈಸಿಕೊಂಡದ್ದು ಯಾವಾಗಲೋ, ಆದರೆ ತಪ್ಪಿನ ಸಿಬಿರು ಇನ್ನೂ ಹೊಚ್ಚ ಹೊಸದು. ಎದೆಯಲ್ಲಿ ಕಫ ಕುಳಿತಿತ್ತು. ಬಗ್ಗಿದಾಗ ಗೊರಗೊರ ಎಂದಿತು. ಅತ್ತಿಗೆ ಟವೆಲ್ಲು ಬಿಚ್ಚದೆ, ಗಂಟೂ ಹಾಕದೆ, ಹಾಗೇ ಗುಂಡಿಯೊಳಗೆ ಇಟ್ಟಳು.

"ತೆಗೆದು ನೋಡ್ತೀಯಾ?"

"ಬೇಡ."

"ನಿನ್ನನ್ನ ಕಂಡ್ರೆ ಅದಕ್ಕೆ ಆಗ್ತಿರಲಿಲ್ಲ ಅಂತ ನಿಂಗೆ," ಎಂದಳು. ಗದ್ದದ ಬೆವರು ಒರೆಸಿಕೊಂಡ ಅವಳ ಕೈಗೆ ಮಣ್ಣು ಹತ್ತಿತ್ತು. "ಹಾಗೇನಿಲ್ಲ. ಬೈಯೋರು ಬೈಯೋದು ಯಾರನ್ನ? ರಸ್ತೇಲಿ ಹೋಗೋರನ್ನ ಬೈತಾರಾ? ಇವರು ಬಾಯಿ ಬಿಟ್ಟು ಒಂದು ಒಳ್ಳೆ ಮಾತು ನಂಗೂ ಆಡಿದೋರಲ್ಲ. ಆದ್ರೆ ಒಲೆ ಹಚ್ಚಿದೀನಿ ಅಂತ ಕೂಗ್ತಿದ್ರಲ್ಲ, ಅದರಲ್ಲಿ..." ಒಂದು ಹಿಡಿ ಮಣ್ಣನ್ನು ಟವೆಲ್ಲಿನ ಮೇಲೆ ಹಾಕಿ, "ಅದೊಂದು ಉಳಿದಿತ್ತು," ಎಂದಳು.

ಅವನು ಗುಂಡಿ ಮುಚ್ಚಿ ಗುದ್ದಲಿಯ ಹಿಂಭಾಗದಿಂದ ಮಣ್ಣು ತಟ್ಟಿದ. ಹೇಳಿಬಿಡು. ಈಗ ಹೇಳಿದರೆ ಎರಡೂ ಒಂದೇ ಗುಂಡಿಯಲ್ಲಿ ಮುಚ್ಚಿಹೋಗುತ್ತವೆ. ನಾನು ಕೂಗಲಿಲ್ಲ ಅತ್ತಿಗೆ, ನಿಮ್ಮ ಕಿವಿ ಸರಿಯಾಗೇ ಇತ್ತು, ಅದು ಗಿಣಿಯೇ. ಆದರೆ ಹಾಗೆ ಹೇಳುವುದೆಂದರೆ, ನಿಮಗೆ ಉಳಿದಿದ್ದ ಆ ಒಂದನ್ನು ತೆಗೆದದ್ದು ನಾನು ಎಂದು ಹೇಳಿದಂತೆ. ಜೊತೆಗೆ ಇನ್ನೊಂದೂ ಇತ್ತು, ಅದನ್ನು ಅವನು ತನಗೇ ಹೇಳಿಕೊಳ್ಳಲು ಹೇಸಿದ. 'ನಿನ್ನ ದನಿ ಅವರ ಹಾಗೇ ಆಗಿದೆ' ಎಂದಿದ್ದಳಲ್ಲ. ಚಿಕ್ಕಂದಿನಿಂದ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಅಣ್ಣನ ಕೈಯ ಅಳತೆ ಇವನಿಗಿಲ್ಲ, ಅಣ್ಣನ ಮಾತು ಇವನಿಗಿಲ್ಲ, ಅಣ್ಣನ ಎತ್ತರ ಇವನಿಗಿಲ್ಲ. ಈಗ, ಸುಳ್ಳಿನ ಲೆಕ್ಕದಲ್ಲಾದರೂ, ಒಬ್ಬಳ ಕಿವಿಯಲ್ಲಿ ಅವನು ಅಣ್ಣನಷ್ಟಾಗಿದ್ದ. ನಿಜ ಹೇಳಿದರೆ ಅದನ್ನೂ ವಾಪಸ್ಸು ಕೊಡಬೇಕು.

ಮಧ್ಯಾಹ್ನದ ಹೊತ್ತಿಗೆ ಪಂಪಿನವನು ಬಂದ. ಬಂದವನು ಕುರ್ಚಿಯಲ್ಲಿ ಕೂತು ಮೇಲೆ ನೋಡಿದ, ಕೆಳಗೆ ನೋಡಿದ. "ಏನ್ರೀ, ಇವತ್ತು ಪಾಠ ಇಲ್ವಾ? ಅಣ್ಣಾವ್ರಿಗೆ ರಜಾನಾ?"

"ಗಿಣಿ ಸತ್ತೋಯ್ತು."

"ಛೆ!" ಅವನಿಗೆ ನಿಜಕ್ಕೂ ಬೇಸರವಾದಂತಿತ್ತು. "ಛೆ ಛೆ. ಒಳ್ಳೆ ಕಾಲಕ್ಷೇಪ ಆಗ್ತಿತ್ತು ಕಣ್ರೀ. ವಯಸ್ಸಾಗಿತ್ತಾ?"

"ಹೂಂ." ಮತ್ತೊಂದು ಹೂಂ. ಮೊದಲನೆಯದಕ್ಕಿಂತ ಸುಲಭವಾಗಿ ಬಂತು.

ಒಲೆಯ ಬಾಗಿಲು ತೆರೆದರೆ ನಿನ್ನೆಯ ಗಟ್ಟಿಗಳು ಕಂದಿ, ಮೈಯೆಲ್ಲ ಬಿರುಕು ಬಿಟ್ಟು ಕೂತಿದ್ದವು. ಪಂಪಿನವನು ಬಗ್ಗಿ ನೋಡಿ, "ಇದೇನ್ರೀ ಇದು, ಸಿಗರೇಟು ಸೇದೋರ ಹಲ್ಲಿದ್ದ ಹಾಗಿದೆ! ಇದನ್ನ ಹಾಕಿ ಪಂಪು ಕಟ್ಟಿದ್ರೆ ನನ್ನ ಹಲ್ಲು ಉದುರಿಸ್ತಾರೆ," ಎಂದ. ಆಮೇಲೆ, ದನಿ ತಗ್ಗಿಸಿ, ಬೈಗುಳಕ್ಕಿಂತ ಕೆಟ್ಟದಾದ ಸಮಾಧಾನದಲ್ಲಿ, "ಬೈಯೋಕೆ ಒಂದು ಹಕ್ಕಿನೂ ಇಲ್ದಂಗಾಯ್ತಲ್ಲ ನಿಮಗೆ. ಇವತ್ತೇ ಇನ್ನೊಂದು ಸಲ ಹಾಕ್ಬಿಡಿ. ನಾಳೆ ಬಂದು ತಗೊಂಡು ಹೋಗ್ತೀನಿ," ಎಂದು ಎದ್ದುಹೋದ. ಮೆಟ್ಟಿಲ ಬುಡದಲ್ಲಿ ಅತ್ತಿಗೆಯ ಚಪ್ಪಲಿ ಇತ್ತು. ಎಷ್ಟು ಹೊತ್ತಿನಿಂದ ಇತ್ತೋ. ಅವಳು ಮೇಲೆ ಹೋಗಿದ್ದಳೋ, ಇಲ್ಲ ತಿರುವಿನಲ್ಲಿ ನಿಂತು ವಯಸ್ಸಾಗಿತ್ತು ಎಂಬುದನ್ನು ಕೇಳಿಸಿಕೊಂಡಿದ್ದಳೋ.

ಹೊಸ ಪುಡಿ ತೂಗಿ, ಅಚ್ಚಿಗೆ ಸುರಿದು, ಒತ್ತಿದ. ಹಸಿ ಗಟ್ಟಿಗಳನ್ನು ಒಂದೊಂದಾಗಿ ಅಂಗೈ ಮೇಲೆ ಹೊತ್ತು ಒಲೆಯಲ್ಲಿಟ್ಟ. ಜ್ವರ ಯಾವಾಗಲೋ ಬಿಟ್ಟಿತ್ತು, ಬಂದ ಗುರುತೇ ಇಲ್ಲದಂತೆ. ಎದೆಯ ಕಫವೊಂದು ಉಳಿದಿತ್ತು. ಅವನಿಗೆ ಇನ್ನೊಂದು ಸಂಗತಿ ನೆನಪಾಯಿತು. ಹಳೆಯ ಪಂಪಿನಿಂದ ಬಿಚ್ಚಿ ತಂದ, ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾದ ಬಳೆಯನ್ನು ಅಣ್ಣ ಒಮ್ಮೆ ಒಲೆಗೆ ಹಾಕಿದ್ದ. ಬಿಳಿಯ ಗುಣ ಅದು, ಭಾರ ಬಿದ್ದರೆ ಪ್ರತಿಭಟಿಸುವುದಿಲ್ಲ, ಮುರಿಯುವುದಿಲ್ಲ, ಮೆಲ್ಲಗೆ ತಣ್ಣಗೆ ಹರಡಿಕೊಂಡು ಬಿಟ್ಟುಕೊಡುತ್ತ ಹೋಗುತ್ತದೆ. ಸೋತೇ ಹೋಯಿತು ಎಂದುಕೊಳ್ಳಬೇಕು. ಬಿಸಿಯೇರಿದಂತೆ ಆ ಚಪ್ಪಟೆ ಬಳೆ ಮಲಗಿದ್ದವನು ಏಳುವಂತೆ ಅಂಚು ಎತ್ತಿ, ದಪ್ಪವಾಗುತ್ತ, ತನ್ನ ಮೊದಲಿನ ಆಕಾರದ ಕಡೆಗೆ ಹೊರಟಿತ್ತು. "ಮರೆಯಲ್ಲ ಇದು," ಎಂದಿದ್ದ ಅಣ್ಣ, ಇಣುಕುಗಾಜಿಗೆ ಮುಖ ಹಚ್ಚಿಕೊಂಡು. "ಸುಮ್ನಿರತ್ತೆ ಅಷ್ಟೆ."

ಹಿಡಿಯನ್ನು ಒಂದು ಗೆರೆ ಹಿಂದೆ ನಿಲ್ಲಿಸಿ ಸ್ವಿಚ್ಚು ಒತ್ತಿದ. ಟಕ್. ಮೇಲಿಂದ ಏನೂ ಬರಲಿಲ್ಲ. ಆ ಏನೂ ಇಲ್ಲದ್ದನ್ನು ಅವನು ಇಡೀ ಮೈಯಿಂದ ಕೇಳಿಸಿಕೊಂಡ. ಹಿತ್ತಲ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಬಾಲ್ಕನಿಯ ನೆರಳು, ನೆರಳಿನ ಕೆಳಗೆ ತೂಗುವ ಖಾಲಿ ಪಂಜರದ ನೆರಳು, ಕಂಬಿ ಕಂಬಿಯಾಗಿ.

"ಒಲೆ ಹಚ್ಚಿದ್ಯಾ?" ಬಾಲ್ಕನಿಯಿಂದ ಅತ್ತಿಗೆ ಕೇಳಿದಳು. ಅವಳು ಕಾಣುತ್ತಿರಲಿಲ್ಲ.

"ಹೂಂ ಅತ್ತಿಗೆ."

"ಕೂಗಲೇ ಇಲ್ಲ?"

"ಇನ್ನು ಯಾಕೆ ಅಂತ..."

ಉಪ್ಪು ಇದೆಯಾ ಎಂದು ಕೇಳುವಷ್ಟು ಸಾದಾ ದನಿಯಲ್ಲಿ, "ಒಂದ್ಸಲ ಕೂಗು. ನಿನ್ನೆ ಕೂಗಿದ ಹಾಗೆ. ಎಲ್ಲಿ ನಿಂತು ಕೂಗಿದ್ಯೋ ಅಲ್ಲೇ ನಿಂತು. ನನ್ನ ಕಿವಿ ಹೇಗೆ ತಪ್ಪಿತು ಅಂತ ನಂಗೆ ನೋಡ್ಬೇಕು," ಎಂದಳು.

ಅವನು ಮೆಟ್ಟಿಲ ಬುಡಕ್ಕೆ ಹೋಗಿ ನಿಂತ. ಕಾಲು ತಾನಾಗಿ ಮೊದಲ ಮೆಟ್ಟಿಲ ಮೇಲೆ ಹೋಯಿತು. ಗಂಟಲು ಸರಿಮಾಡಿಕೊಂಡು ಕೂಗಿದ: "ಅತ್ತಿಗೆ, ಒಲೆ ಹಚ್ಚಿದೀನಿ!"

"ಹೀಗಲ್ಲ."

ಇನ್ನೂ ಗಟ್ಟಿಯಾಗಿ ಕೂಗಿದ. ಹಿತ್ತಲ ಗೋಡೆಗೆ ಬಡಿದು ಅವನ ದನಿ ಅವನಿಗೇ ವಾಪಸ್ಸು ಬಂತು, ತೆಳ್ಳಗೆ, ಹುಡುಗನೊಬ್ಬನ ದನಿಯಂತೆ.

"ಅಲ್ಲ. ನಿನ್ನೆ ಹೀಗಿರಲಿಲ್ಲ. ಹೀಗಿದ್ರೆ ನಾನು ಬರ್ತಿದ್ದೆ."

ಗೊತ್ತಿದೆ ಇವಳಿಗೆ. ಬೆಳಿಗ್ಗೆಯೇ ಗೊತ್ತಿತ್ತು. ಟವೆಲ್ಲು ಹಿಡಿದು ನಿಂತಾಗ, ಕೂಗಿದ್ಯಲ್ಲ ಎಂದು ಕೇಳಿದಾಗಲೇ, ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಅವನಿಗೊಂದು ಬಾಗಿಲು ತೆರೆದಿಟ್ಟಿದ್ದಳು, ಒಳಗೆ ಬರುತ್ತಾನೋ ಹೊರಗೇ ಉಳಿಯುತ್ತಾನೋ ನೋಡೋಣ ಎಂದು. ಇಲ್ಲ, ಗೊತ್ತಿಲ್ಲ, ಅವಳು ನಿಜವಾಗಿ ತನ್ನ ಕಿವಿಯನ್ನೇ ಶಿಕ್ಷಿಸುತ್ತಿದ್ದಾಳೆ, ಎಲ್ಲಿ ಎಡವಿತು ಎಂದು ಮತ್ತೆ ಮತ್ತೆ ಅದೇ ಕಲ್ಲಿಗೆ ಕಾಲು ಕೊಟ್ಟು ನೋಡುತ್ತಿದ್ದಾಳೆ. ಎರಡರಲ್ಲಿ ಯಾವುದಾದರೂ ಸರಿ, ಒಂದೇ ವಾಕ್ಯ ಸಾಕು. ನಾನು ಕೂಗಲಿಲ್ಲ. ಮೂರನೆಯ ಸಲ ಬಾಯಿ ತೆರೆದಾಗ ಅವನು ಹೇಳಬೇಕೆಂದಿದ್ದುದು ಅದನ್ನೇ. ಆಮೇಲೆ ಬದುಕಿದ್ದಷ್ಟು ದಿನವೂ ಅವನು ಹಾಗೆಂದೇ ನಂಬಿದ್ದ. ನಾ ಎಂದು ನಾಲಗೆ ಮೇಲೆದ್ದಿತು. ಅಷ್ಟರಲ್ಲಿ ಎದೆಯ ಕಫ ಗಂಟಲಿಗೆ ಬಂದು ಅಡ್ಡ ನಿಂತಿತು. ಅದನ್ನು ದಾಟಲು ಒಳಗಿಂದ ಉಸಿರು ಒತ್ತಿದ. ಬಂದದ್ದು ಗೊರಗೊರ ಎನ್ನುವ, ದಪ್ಪನೆಯ, ಉತ್ತರಕ್ಕೆ ಕಾಯುವ ಒಂದು ದನಿ.

"ಒಲೆ ಹಚ್ಚಿದೀನಿ ಕಣೇ!"

ಕೂಗಿದ ಬಾಯಿ ಮುಚ್ಚಲಿಲ್ಲ. ತಾನು ಆಡಿದ ಮಾತು ಮೆಟ್ಟಿಲ ತಿರುವು ಹತ್ತಿ, ಬಾಗಿಲು ದಾಟಿ, ಬಾಲ್ಕನಿಯಲ್ಲಿ ನಿಂತವಳನ್ನು ಮುಟ್ಟುವುದನ್ನು ಅವನು ಕಣ್ಣಿಂದ ನೋಡಿದಂತೆ ನೋಡಿದ. ಇನ್ನೊಮ್ಮೆ 'ಅಲ್ಲ' ಎನ್ನಲಿ ಎಂದು ಬೇಡಿಕೊಂಡ. ಬೈಯಲಿ. ಛೀ ಎನ್ನಲಿ, ಅಣ್ಣನ ಹೆಂಡತಿ ಅನ್ನೋದು ಮರೆತುಹೋಯ್ತೇನೋ ಎನ್ನಲಿ.

"ಆಯ್ತು ರೀ," ಎಂದಳು ಅತ್ತಿಗೆ.

ಅಂಗಳದಲ್ಲಿ ಪಂಜರದ ನೆರಳು ಒಮ್ಮೆ ತೂಗಿತು. ಆಮೇಲೆ ಮೇಲಕ್ಕೆ ಸರಿಯಿತು. ಕೊಂಡಿಗೆ ಅಣ್ಣನೇ ಕಡೆದು ಹಾಕಿದ್ದ ಬಿಳಿಯ ಬಳೆ ಇತ್ತು, ಅದಕ್ಕೇ ಸದ್ದಾಗಲಿಲ್ಲ. ಹೆಜ್ಜೆಗಳು ಮಾತ್ರ ಕೇಳಿಸಿದವು, ಹಿಂದಿನಿಂದ ಮುಂದಕ್ಕೆ, ರಸ್ತೆ ಕಡೆಯ ಕೋಣೆಗೆ. ಬರಿಗೈಯಲ್ಲಿ ಹೋಗುವವರ ಹೆಜ್ಜೆಯಲ್ಲ, ಒಳಗಿರುವುದು ಬೆದರದಂತೆ ಹುಷಾರಾಗಿ ಏನನ್ನೋ ಹೊತ್ತು ಹೋಗುವವರ ಹೆಜ್ಜೆ. ಬಾಗಿಲು ಹಾಕಿಕೊಂಡಿತು. ಅಂಗಳದಲ್ಲಿ ಬಾಲ್ಕನಿಯ ನೆರಳಷ್ಟೇ ಉಳಿಯಿತು.

ಮುಂದಿನ ಮಾತಿಗಾಗಿ ಅವನು ಕಾದ. ಅದನ್ನು ಹೇಳುವವರು ಯಾರೂ ಇರಲಿಲ್ಲ. ಕಾಲನ್ನು ಮೆಟ್ಟಿಲಿಂದ ಇಳಿಸಿದ, ಅದು ಭಾರವಾಗಿತ್ತು. "ಮೊದ್ದೂ," ಎಂದುಕೊಂಡ, ತುಟಿಯಲ್ಲೇ, "ಒಲೆ ನೋಡೋ." ಎಷ್ಟೋ ಹೊತ್ತು ಅಲ್ಲೇ ನಿಂತಿರಬೇಕು. ಹೋಗಿ ಇಣುಕುಗಾಜಿಗೆ ಮುಖ ಹಚ್ಚಿದಾಗ ಒಳಗೆ ಬಿಳಿ ಇರಲಿಲ್ಲ. ಗಟ್ಟಿಗಳು ಬೆಂದು, ಕರಗದೆ ನಿಂತಲ್ಲೇ ನಿಂತು, ಗಾಜಿನಂತೆ ತಿಳಿಯಾಗಿದ್ದವು. ಒಂದರ ಮೂಲಕ ಇನ್ನೊಂದು ಕಾಣುತ್ತಿತ್ತು, ಎಲ್ಲದರ ಮೂಲಕ ಒಲೆಯ ಹಿಂಗೋಡೆ. ತಣ್ಣಗಾದ ಮೇಲೆ ಮತ್ತೆ ಬಿಳುಪಾಗುತ್ತವೆ, ಏನೂ ಕಾಣಗೊಡುವುದಿಲ್ಲ. ಅವನು ಮುಳ್ಳನ್ನು ನೋಡಿದ, ಅದು ಸುಳ್ಳು ಹೇಳುವಷ್ಟನ್ನು ಮನಸ್ಸಿನಲ್ಲೇ ಕೂಡಿಸಿಕೊಂಡ. ಆಮೇಲೆ ಸ್ಟೂಲೆಳೆದು ಅಲ್ಲೇ ಕೂತು ಒಲೆ ನೋಡತೊಡಗಿದ.